ಲಕ್ಷ್ಯ ಮೊದಲು, ಲಕ್ಷಣ ಆಮೇಲೆ: ಸರಸ್ವತಿಪುರಂನ ಭಾನುವಾರದ ಅಲಂಕಾರ–ಛಂದಸ್ಸು ತರಗತಿ

ಮೈಸೂರಿನ ಸರಸ್ವತಿಪುರಂನಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ಭಾನುವಾರಗಳಂದು ಅಲಂಕಾರ, ಛಂದಸ್ಸು ಮತ್ತು ಕಾವ್ಯಮೀಮಾಂಸೆಯ ತರಗತಿ ನಡೆಸುತ್ತಾರೆ. ಹತ್ತು ವಾರಗಳ ಆ ತರಗತಿಗೆ ನಾನು ಮಂಡ್ಯದಿಂದ ರೈಲಿನಲ್ಲಿ ಹೋಗಿಬಂದಿದ್ದೇನೆ. ಹೆಸರು ಹಾಕಿ ಪ್ರಚಾರ ಮಾಡುವುದು ಬೇಡವೆಂದು ಅವರು ಹೇಳಿರುವುದರಿಂದ ಇಲ್ಲಿ ಅವರನ್ನು ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಕೆ-ಸೆಟ್, ನೆಟ್ ಪರೀಕ್ಷೆಗಳಿಗೆ ಓದುವವರು, ಕನ್ನಡ ಎಂ.ಎ. ವಿದ್ಯಾರ್ಥಿಗಳು ಮತ್ತು ನನ್ನಂತೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವರು ಇಂಥದೊಂದು ತರಗತಿಗೆ ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರೆ ಅವರಿಗೆ ಉಪಯೋಗವಾಗಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಏಕೆ ಸೇರಿದೆ ಎಂಬುದನ್ನು ಹೇಳಬೇಕು. ಹತ್ತನೆಯ ತರಗತಿಯ ಮಕ್ಕಳಿಗೆ ಉಪಮೆ, ರೂಪಕ, ಉತ್ಪ್ರೇಕ್ಷೆ, ದೃಷ್ಟಾಂತ, ಅರ್ಥಾಂತರನ್ಯಾಸಗಳನ್ನು ನಾನು ಹನ್ನೆರಡು ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ವಾಕ್ಯವನ್ನು ಬರೆದು, ಉಪಮೇಯ (ವರ್ಣಿಸುವ ವಸ್ತು), ಉಪಮಾನ (ಹೋಲಿಕೆಗೆ ತಂದ ವಸ್ತು), ಉಪಮಾವಾಚಕ (ಅಂತೆ, ಹಾಗೆ ಎಂಬಂಥ ಪದ), ಸಮಾನಧರ್ಮ (ಎರಡರಲ್ಲೂ ಇರುವ ಗುಣ) ಎಂದು ನಾಲ್ಕು ಸಾಲು ಮಾಡಿ, ಕೊನೆಗೆ ಸಮನ್ವಯ ಎಂದು ಶೀರ್ಷಿಕೆ ಕೊಟ್ಟು ಮುಗಿಸುವ ಕ್ರಮಕ್ಕೆ ಮಕ್ಕಳೂ ನಾನೂ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಒಂದು ದಿನ ಹುಡುಗಿಯೊಬ್ಬಳು, 'ಮಿಸ್, ಮುಖಕ್ಕೆ ಕಮಲವನ್ನು ಬಿಟ್ಟು ಬೇರೆ ಏನನ್ನಾದರೂ ಹೋಲಿಸಿದರೆ ಅಂಕ ಕೊಡುತ್ತಾರಾ?' ಎಂದು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಮಗುವಿನ ಪ್ರಶ್ನೆ ಸರಿಯಾಗಿಯೇ ಇತ್ತು. ಹೆಸರುಗಳನ್ನು ನಾನು ಕಲಿಸಿದ್ದೆ. ಹೆಸರು ಯಾವುದಕ್ಕೆ ಇಟ್ಟಿದ್ದು ಎಂಬುದನ್ನು ಕಲಿಸಿರಲಿಲ್ಲ.

ಮೇಷ್ಟ್ರ ಕ್ರಮ ಇದಕ್ಕೆ ತಿರುವುಮುರುವು. ನಮ್ಮ ಶಾಸ್ತ್ರದಲ್ಲಿ ಲಕ್ಷಣ ಎಂದರೆ ವ್ಯಾಖ್ಯೆ, ಲಕ್ಷ್ಯ ಎಂದರೆ ಉದಾಹರಣೆ. ಪುಸ್ತಕಗಳು ಸಾಮಾನ್ಯವಾಗಿ ಲಕ್ಷಣವನ್ನು ಮೊದಲು ಹೇಳಿ ಲಕ್ಷ್ಯವನ್ನು ಆಮೇಲೆ ಕೊಡುತ್ತವೆ. ಮೇಷ್ಟ್ರು ಮಾತ್ರ ಲಕ್ಷ್ಯವನ್ನು ಬೋರ್ಡಿನ ಮೇಲೆ ಬರೆದು, ಅದರಲ್ಲಿ ಏನು ನಡೆದಿದೆ ಎಂಬುದನ್ನು ನಮ್ಮ ಬಾಯಿಂದಲೇ ಹೇಳಿಸಿ, ಎಲ್ಲರೂ ಒಪ್ಪಿದ ಮೇಲೆ ಇದಕ್ಕೆ ಹಿಂದಿನವರು ಇಟ್ಟ ಹೆಸರು ಇದು ಎಂದು ತಿಳಿಸುತ್ತಾರೆ. ಮಾತು ಸಣ್ಣದಾಗಿ ಕಾಣಬಹುದು, ಆದರೆ ಇಡೀ ತರಗತಿಯ ಸತ್ವ ಇರುವುದು ಇದರಲ್ಲಿಯೇ.

ಎರಡನೆಯ ಭಾನುವಾರದ ಪಾಠವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂದು ಮೇಷ್ಟ್ರು ನನ್ನನ್ನು, 'ದಾರಿಯಲ್ಲಿ ಏನು ನೋಡಿದಿರಿ, ಮೇಡಂ?' ಎಂದು ಕೇಳಿದರು. ಮಾರ್ಗಶಿರದ ದಿನಗಳಾದ್ದರಿಂದ ರೈಲಿನ ಕಿಟಕಿಯ ಉದ್ದಕ್ಕೂ ಕಬ್ಬಿಗೆ ಸೂಲಂಗಿ, ಅಂದರೆ ಕಬ್ಬಿನ ಹೂವು, ಬಂದಿತ್ತು; ಅದನ್ನೇ ಹೇಳಿದೆ. ಅವರು ಬೋರ್ಡಿನ ಮೇಲೆ ಸೂಲಂಗಿ ಎಂದು ಒಂದು ಕಡೆಗೆ, ಚಾಮರ ಎಂದು ಇನ್ನೊಂದು ಕಡೆಗೆ ಬರೆದು, ಇವೆರಡನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು ನೋಡೋಣ ಎಂದರು. ಸೂಲಂಗಿ ಚಾಮರದಂತೆ ಬೆಳ್ಳಗಿದೆ ಎಂದು ಒಬ್ಬರು ಹೇಳಿದರು, ಅದು ಉಪಮೆ. ಸೂಲಂಗಿಯ ಚಾಮರಗಳು ತೂಗುತ್ತಿವೆ ಎಂದಾಗ ಎರಡರ ಭೇದ ಅಳಿದು ರೂಪಕವಾಯಿತು. ನಾಲೆಯಲ್ಲಿ ನೀರು ಬರುವುದನ್ನು ಕಂಡು ಗದ್ದೆಯೇ ಚಾಮರ ಬೀಸುತ್ತಿದೆಯೋ ಏನೋ ಎಂದರೆ ಉತ್ಪ್ರೇಕ್ಷೆ. ಇವು ಸೂಲಂಗಿಗಳಲ್ಲ, ಚಾಮರಗಳು ಎಂದು ಇರುವುದನ್ನು ಮರೆಮಾಚಿದರೆ ಅಪಹ್ನುತಿ. ಸೂಲಂಗಿಯೋ ಚಾಮರವೋ ತಿಳಿಯದು ಎಂದರೆ ಸಸಂದೇಹ. ಚಾಮರವೆಂದೇ ನಂಬಿ ಮಗುವೊಂದು ಅದನ್ನು ಕಿತ್ತು ದೇವರ ಮುಂದೆ ಬೀಸಿತು ಎಂದರೆ ಭ್ರಾಂತಿಮಾನ್. ಅರಮನೆಯ ಚಾಮರ ನಮ್ಮೂರಿನ ಸೂಲಂಗಿಯಂತಿದೆ ಎಂದು ತಿರುಗಿಸಿದರೆ ಪ್ರತೀಪ. ಚಾಮರವನ್ನು ಬೀಸಲು ಕೈಯೊಂದು ಬೇಕು, ಸೂಲಂಗಿಗೆ ಅದೂ ಬೇಡ ಎಂದು ಉಪಮೇಯವನ್ನೇ ಮೇಲೆ ಮಾಡಿದರೆ ವ್ಯತಿರೇಕ. ಸೂಲಂಗಿಯ ಹೆಸರನ್ನೇ ಎತ್ತದೆ, ಗದ್ದೆಯ ತುಂಬ ಬೆಳ್ಳಿಯ ಚಾಮರಗಳು ಎದ್ದು ನಿಂತಿವೆ ಎಂದರೆ ಉಪಮಾನವು ಉಪಮೇಯವನ್ನು ನುಂಗಿಬಿಡುತ್ತದೆ; ಅದು ಅತಿಶಯೋಕ್ತಿಯ ಒಂದು ಬಗೆ.

ಒಂದೇ ಹೂವು, ಒಂದೇ ಚಾಮರ, ಒಂಬತ್ತು ಅಲಂಕಾರ. ನಾನು ವರ್ಷಗಟ್ಟಲೆ ಬೇರೆ ಬೇರೆ ಪುಟಗಳಲ್ಲಿ, ಬೇರೆ ಬೇರೆ ಉದಾಹರಣೆಗಳೊಂದಿಗೆ ಓದಿದ್ದ ಹೆಸರುಗಳು ಒಂದೇ ಕುಟುಂಬದವು ಎಂಬುದು, ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ನೋಡುವವರ ಮನಸ್ಸು ಎರಡು ವಸ್ತುಗಳ ನಡುವೆ ಎಲ್ಲಿ ನಿಂತಿದೆ ಎಂಬುದರಿಂದ ಹುಟ್ಟುತ್ತದೆ ಎಂಬುದು ಆ ಒಂದು ಗಂಟೆಯಲ್ಲಿ ಮನಸ್ಸಿಗೆ ಇಳಿಯಿತು.

ಇದೇ ಪಾಠದಲ್ಲಿ ಉತ್ಪ್ರೇಕ್ಷೆ ಎಂಬ ಪದದ ಬಗ್ಗೆ ನಡೆದ ಚರ್ಚೆ ವಿಶೇಷವಾಗಿ ಉಪಯುಕ್ತವಾಗಿತ್ತು. ದಿನಬಳಕೆಯ ಕನ್ನಡದಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದದ್ದನ್ನು ಹಿಗ್ಗಿಸಿ ಹೇಳುವುದು. ಮಕ್ಕಳು ಈ ಅರ್ಥವನ್ನು ಹಿಡಿದುಕೊಂಡೇ ಪರೀಕ್ಷೆಗೆ ಹೋಗುತ್ತಾರೆ, ಅತಿಶಯೋಕ್ತಿಯ ಉದಾಹರಣೆಗೆಲ್ಲ ಉತ್ಪ್ರೇಕ್ಷೆ ಎಂದು ಬರೆದು ಬರುತ್ತಾರೆ. ಶಾಸ್ತ್ರದಲ್ಲಿ ಅದು ಒಂದನ್ನು ಇನ್ನೊಂದೆಂದು ಸಂಭಾವಿಸುವುದು, ಅಂದರೆ ಹಾಗಿರಬಹುದೆಂದು ಊಹಿಸುವುದು. ಸಂಭಾವನೆ ಎಂಬ ಮಾತೂ ಈಗ ಕವರಿನಲ್ಲಿ ಹಾಕಿ ಕೊಡುವ ಹಣಕ್ಕೆ ಸೀಮಿತವಾಗಿರುವುದರಿಂದ, ಲಕ್ಷಣವನ್ನು ಓದಿದರೂ ಮಕ್ಕಳಿಗೆ ದಾರಿ ತೆರೆಯುವುದಿಲ್ಲ. ರೂಪಕದ ಕಥೆಯೂ ಹೀಗೆಯೇ. ಅದು ಅಲಂಕಾರದ ಹೆಸರು, ದಶರೂಪಕ ಎನ್ನುವಾಗ ನಾಟಕದ ಹೆಸರು, ಮೈಸೂರು ಆಕಾಶವಾಣಿಯಲ್ಲಿ ನಾವು ಕೇಳುತ್ತಿದ್ದ ರೂಪಕ ಮತ್ತೊಂದು. ಈಚಿನ ವಿಮರ್ಶೆಯಲ್ಲಿ ಇಡೀ ಕಾದಂಬರಿಯನ್ನೇ ರೂಪಕವೆನ್ನುವ ರೂಢಿ ಇನ್ನೂ ಒಂದು. ವ್ಯಂಗ್ಯ ಎಂದರೆ ಇಂದು ಚುಚ್ಚುಮಾತು. ಕಾವ್ಯಮೀಮಾಂಸೆಯಲ್ಲಿ ಅದು ಮಾತಿನಿಂದ ಹೊರಡುವ ಸೂಚ್ಯಾರ್ಥ, ಅದರಲ್ಲಿ ಚುಚ್ಚುವುದು ಇರಲೇಬೇಕೆಂದಿಲ್ಲ. ಹೊಗಳಿಕೆಯಂತೆ ಕಂಡು ತೆಗಳುವ ಮಾತಿಗೆ ನಮ್ಮವರು ಇಟ್ಟ ಹೆಸರು ವ್ಯಾಜಸ್ತುತಿ. ಪರಿಭಾಷೆಯ ನಿಘಂಟುಗಳು ಎಷ್ಟೋ ಇವೆ. ಒಂದು ಪದ ಶಾಸ್ತ್ರದಿಂದ ಬೀದಿಗೆ ಬಂದು ಅರ್ಥ ಬದಲಿಸಿಕೊಂಡ ಜಾಗವನ್ನು ಬೆರಳಿಟ್ಟು ತೋರಿಸುವವರು ಕಡಿಮೆ. ಈ ತರಗತಿಯಿಂದ ಬೇರೇನೂ ಸಿಗದಿದ್ದರೂ ಇದಿಷ್ಟಕ್ಕೇ ರೈಲು ಹತ್ತಬಹುದು.

ಧ್ವನಿಯ, ಅಂದರೆ ಬಾಯಿಬಿಟ್ಟು ಹೇಳದೆ ಮಾತು ಸೂಚಿಸುವ ಅರ್ಥದ, ಪಾಠ ಐದನೆಯ ವಾರ ಬಂತು. ಧ್ವನಿ ಸಿದ್ಧಾಂತವನ್ನು ಮಂಡಿಸಿದ ಆನಂದವರ್ಧನ 9ನೆಯ ಶತಮಾನದ ಕಾಶ್ಮೀರದವನು; ನಮ್ಮ ಕವಿರಾಜಮಾರ್ಗವೂ ಅದೇ ಶತಮಾನದ್ದು, ದಂಡಿಯ ಕಾವ್ಯಾದರ್ಶವನ್ನು ಆಧರಿಸಿದ್ದು. ಧ್ವನಿ ಕಾವ್ಯದ ಆತ್ಮವೆಂದು ಅಲ್ಲಿ ಸಿದ್ಧಾಂತವಾಗುತ್ತಿದ್ದ ಶತಮಾನದಲ್ಲಿಯೇ ಇಲ್ಲಿ ಅದನ್ನು ಅಲಂಕಾರಗಳಲ್ಲಿ ಒಂದೆಂದು ಎಣಿಸಲಾಗಿತ್ತು ಎಂಬ ವಿಷಯವನ್ನು ಮೇಷ್ಟ್ರು ಹೇಳಿದಾಗ, ಇವೆಲ್ಲ ತಲೆಮಾರುಗಟ್ಟಲೆ ವಾದ ಮಾಡಿ ಗಟ್ಟಿಗೊಳಿಸಿದ ಪದಗಳೆಂಬ ಅರಿವು ನಮಗೆ ಮೊದಲ ಸಲ ಮೂಡಿತು. ಪದದ ನೇರ ಅರ್ಥ ಕೊಡುವ ಅಭಿಧೆ, ಅದು ಹೊಂದದಾಗ ಬೇರೆ ಅರ್ಥ ಕೊಡುವ ಲಕ್ಷಣೆ, ಸೂಚ್ಯಾರ್ಥ ಕೊಡುವ ವ್ಯಂಜನೆಗಳನ್ನು ವಿವರಿಸಿ, ಮಮ್ಮಟನ ಕಾವ್ಯಪ್ರಕಾಶದಲ್ಲಿ ಬರುವ 'ಸೂರ್ಯ ಮುಳುಗಿದ' ಎಂಬ ವಾಕ್ಯವನ್ನು ಅವರು ತೆಗೆದುಕೊಂಡರು. ಅದೇ ಮಾತು ದನ ಮೇಯಿಸುವವನಿಗೆ ಮನೆಗೆ ಹೊಡೆದುಕೊಂಡು ಹೋಗು ಎಂದೂ, ಪೂಜೆ ಮಾಡುವವನಿಗೆ ಸಂಧ್ಯಾವಂದನೆಯ ಹೊತ್ತಾಯಿತು ಎಂದೂ, ಅಂಗಡಿಯವನಿಗೆ ಸರಕು ಒಳಗಿಡು ಎಂದೂ ಕೇಳಿಸುತ್ತದೆ. ವಾಚ್ಯಾರ್ಥ ಒಂದು, ಹೇಳುವವರು, ಕೇಳುವವರು ಬದಲಾದಂತೆ ವ್ಯಂಗ್ಯಾರ್ಥ ಹಲವು.

ನಿಮ್ಮ ಮನೆಯಲ್ಲಿ ಕೇಳಿದ ಇಂಥ ವಾಕ್ಯವೊಂದನ್ನು ಹೇಳಿ ಎಂದು ಅವರು ಒಬ್ಬೊಬ್ಬರನ್ನೂ ಕೇಳುತ್ತ ಬಂದಾಗ, ನನಗೆ ಅಪ್ಪನ ಮಾತು ನೆನಪಾಯಿತು. ಅಪ್ಪ ಮೂರು ಎಕರೆಯಲ್ಲಿ ಕಬ್ಬು ಬೆಳೆಯುತ್ತಿದ್ದರು. ಒಂದು ವರ್ಷ ಕಟಾವಿನ ಸರದಿ ಬರುವುದು ತಿಂಗಳುಗಟ್ಟಲೆ ತಡವಾಯಿತು. ಒಂದು ರಾತ್ರಿ ಗದ್ದೆಯಿಂದ ಬಂದು, ಕಾಲು ತೊಳೆದುಕೊಂಡು, ಊಟಕ್ಕೆ ಕೂತವರು ಅವ್ವನ ಮುಖವನ್ನು ನೋಡದೆ, 'ಕಬ್ಬಿಗೆ ಸೂಲಂಗಿ ಬಂತು ಕಣಮ್ಮಿ' ಎಂದರು. ಅವ್ವ ಏನೂ ಹೇಳದೆ ಇನ್ನೊಂದು ಮುದ್ದೆಯನ್ನು ತಟ್ಟೆಗೆ ಇಟ್ಟಳು. ಸೂಲಂಗಿ ಬಂದ ಮೇಲೆ ಗದ್ದೆಯಲ್ಲೇ ನಿಂತ ಕಬ್ಬು ಬೆಂಡಾಗುತ್ತದೆ, ತೂಕ ಇಳಿಯುತ್ತದೆ, ತೂಕ ಇಳಿದರೆ ಸೊಸೈಟಿಯ ಸಾಲ ತೀರುವುದಿಲ್ಲ, ನನ್ನ ಕಾಲೇಜಿನ ಫೀಸು ಕಟ್ಟುವುದು ಕಷ್ಟ. ಇದಾವುದನ್ನೂ ಅಪ್ಪ ಹೇಳಲಿಲ್ಲ, ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಇದನ್ನು ಹೇಳಿ ಮುಗಿಸಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯ ವಾರ ನಾವೆಲ್ಲ ಸೇರಿ ಚಾಮರ ಮಾಡಿದ ಹೂವು ಇದೇ ತಾನೇ ಎಂದರು. ನಾವು ಅಂದು ಕಿಟಕಿಯಿಂದ ನೋಡಿದ ಸೂಲಂಗಿ ಅಲಂಕಾರಕ್ಕೆ ಒದಗಿತ್ತು, ಗದ್ದೆಯ ಬದುವಿನ ಮೇಲೆ ನಿಂತವನ ಸೂಲಂಗಿ ಧ್ವನಿಗೆ ಒದಗಿತು. ವಸ್ತುಧ್ವನಿ, ಅಂದರೆ ಸಂಗತಿಯೊಂದು ಸೂಚ್ಯವಾಗಿ ಹೊಳೆಯುವುದು, ಎಂಬ ಪದವನ್ನು ಅವರು ಆಗ ಬೋರ್ಡಿನ ಮೇಲೆ ಬರೆದರು. ನಾನು ಎಂ.ಎ. ಓದುವಾಗ ಆ ಪದವನ್ನು ಉರು ಹೊಡೆದಿದ್ದೆ. ಅದು ನನ್ನ ಮನೆಯೊಳಗೇ ಇತ್ತೆಂಬುದು ಗೊತ್ತಿರಲಿಲ್ಲ.

ಛಂದಸ್ಸಿಗೆ ಮೂರು ವಾರ ಮೀಸಲು. ಇಲ್ಲಿ ಮೇಷ್ಟ್ರ ಶ್ರದ್ಧೆ ದೊಡ್ಡದು, ವೇಗವೂ ಹೆಚ್ಚು. ಅಕ್ಷರಗಳ ಲೆಕ್ಕದ ಮೇಲೆ ನಡೆಯುವ ಪದ್ಯಬಂಧಗಳಾದ ಖ್ಯಾತ ಕರ್ನಾಟಕ ವೃತ್ತಗಳು ಆರು: ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಸ್ರಗ್ಧರೆ, ಮಹಾಸ್ರಗ್ಧರೆ. ಇವುಗಳನ್ನು ಪಾದದ (ಪದ್ಯದ ಸಾಲಿನ) ಆರಂಭದಿಂದಲೇ ಗುರುತಿಸಲು ನಮಗೆಲ್ಲ ಬಾಯಿಪಾಠವಾಗಿರುವ ಪದ್ಯವೊಂದಿದೆ. 'ಗುರುವೊಂದಾದಿಯೊಳುತ್ಪಲಂ ಗುರುಮೊದಲ್ ಮೂರಾಗೆ ಶಾರ್ದೂಲಮಾ' ಎಂಬುದು ಅದರ ಮೊದಲ ಸಾಲು. ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸುವ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಒಂದು ಗುರುವಿನಿಂದ ಮೊದಲಾದರೆ ಉತ್ಪಲಮಾಲೆ, ಮೂರು ಗುರುಗಳಾದರೆ ಶಾರ್ದೂಲ, ನಾಲ್ಕಾದರೆ ಸ್ರಗ್ಧರೆ, ನಾಲ್ಕು ಲಘುಗಳಾದರೆ ಚಂಪಕಮಾಲೆ. ಈ ಪದ್ಯವನ್ನು ನಾನು ಎಷ್ಟು ಸಲ ಹೇಳಿಕೊಟ್ಟಿದ್ದೇನೆಂದು ಲೆಕ್ಕವಿಲ್ಲ. ಆ ಪದ್ಯಕ್ಕೇ ಪ್ರಸ್ತಾರ ಹಾಕಿ, ಅಂದರೆ ಅಕ್ಷರಗಳ ಮೇಲೆ ಲಘು ಗುರು ಗುರುತಿಸಿ, ಎಂದು ಮೇಷ್ಟ್ರು ಹೇಳಿದರು. ಹಾಕಿದೆವು: ಎರಡು ಲಘು, ಎರಡು ಗುರು, ಹೀಗೆ ಸಾಗಿ ಮೂರು ಮೂರು ಅಕ್ಷರಗಳ ಸ, ಭ, ರ, ನ, ಮ, ಯ ಗಣಗಳು, ಕೊನೆಗೆ ಒಂದು ಲಘು, ಒಂದು ಗುರು, ಒಟ್ಟು 20 ಅಕ್ಷರ. ವೃತ್ತಗಳನ್ನು ಗುರುತಿಸುವ ಪದ್ಯ ತಾನೇ ಮತ್ತೇಭವಿಕ್ರೀಡಿತದಲ್ಲಿದೆ! ಹನ್ನೆರಡು ವರ್ಷ ಬಾಯಲ್ಲಿದ್ದ ಸಾಲಿನ ಮೈಯನ್ನು ನಾನು ಅಂದೇ ಮುಟ್ಟಿ ನೋಡಿದ್ದು.

ಷಟ್ಪದಿಯ ದಿನ ರೈಲು ತಡವಾಗಿ ನಾನು ಇಪ್ಪತ್ತು ನಿಮಿಷ ಹಿಂದೆ ಬಿದ್ದೆ. ಒಳಗೆ ಬಂದಾಗ ಮೇಷ್ಟ್ರು ಮಾತು ನಿಲ್ಲಿಸಿ, ಬೋರ್ಡಿನ ಮೇಲೆ 'ಮಂಡ್ಯದಿಂದಲಿ ಬಂದ ರೈಲಿನ' ಎಂದು ಬರೆದು, ಮಾತ್ರೆ ಎಣಿಸಿ ಎಂದರು. ಮೂರು, ನಾಲ್ಕು, ಮೂರು, ನಾಲ್ಕು; ಹದಿನಾಲ್ಕು ಮಾತ್ರೆಯ ಭಾಮಿನಿ ಷಟ್ಪದಿಯ ಪಾದ. ಗಮಕ ಕಲಿಯುತ್ತಿರುವ ಸಹಪಾಠಿಯೊಬ್ಬರು ಕುಮಾರವ್ಯಾಸನ ಪದ್ಯವೊಂದನ್ನು ಹಾಡಿ ತೋರಿಸಿದಾಗ, ಮೂರನೆಯ ಮತ್ತು ಆರನೆಯ ಪಾದಗಳು ಏಕೆ ಉದ್ದ, ಅವುಗಳ ಕೊನೆಯ ಗುರುವಿನ ಮೇಲೆ ಉಸಿರು ಏಕೆ ನಿಲ್ಲುತ್ತದೆ ಎಂಬುದು ಕಿವಿಗೇ ತಿಳಿಯಿತು. ಹೀಗೆ ಹಾಡಿಸಿ ಕಲಿಸುವುದನ್ನು ಮೇಷ್ಟ್ರು ಇನ್ನೂ ಹೆಚ್ಚು ಮಾಡಬೇಕು.

ಕೊರತೆಗಳನ್ನೂ ಹೇಳಬೇಕು. ಹಾಡಿನ ಎಳೆತಕ್ಕೆ ತಕ್ಕಂತೆ ಅಳೆಯುವ ಅಂಶಗಣಕ್ಕೆ ಅವರು ಕೊಟ್ಟದ್ದು ಅರ್ಧ ತರಗತಿ ಮಾತ್ರ. ನಾಗವರ್ಮನು ಛಂದೋಂಬುಧಿಯಲ್ಲಿ ಕರ್ಣಾಟಕ ವಿಷಯಜಾತಿ ಎಂದು ಪ್ರತ್ಯೇಕವಾಗಿ ಹೇಳಿದ ಮಟ್ಟುಗಳು ನಮ್ಮ ನೆಲದವು. ಬ್ರಹ್ಮ, ವಿಷ್ಣು ಎಂಬ ಅಂಶಗಣಗಳಲ್ಲಿ ನಡೆಯುವ ತ್ರಿಪದಿ, ಸಾಂಗತ್ಯಗಳು ಬೀಸುವಾಗ ಕುಟ್ಟುವಾಗ ಹಾಡಿಕೊಂಡು ಬಂದವು. ಸಂಸ್ಕೃತದಿಂದ ಬಂದ ವೃತ್ತಗಳಿಗೆ ಒಂದೂವರೆ ವಾರ ಕೊಟ್ಟು, ಇವುಗಳನ್ನು ಅವಸರದಲ್ಲಿ ಮುಗಿಸಿದ್ದು ನನಗೆ ಸರಿಬರಲಿಲ್ಲ. ಅಂಶಗಣದಲ್ಲಿ ಅಕ್ಷರವನ್ನು ಎಳೆದು ಹಾಡಿದಾಗಲೇ ಲೆಕ್ಕ ಕೂಡುವುದರಿಂದ, ಅದು ಬೋರ್ಡಿನ ಮೇಲೆ ಬರೆದು ತಿಳಿಯುವ ವಿಷಯವಲ್ಲ. ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವುದರಿಂದ ಅದರ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವ ಶಿಥಿಲದ್ವಿತ್ವದ ಪಾಠವೂ ಹೀಗೆಯೇ ಓಡಿತು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನೇ ಹಿಡಿದು ಹಳಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕುವವರು ಎಡವುವುದು ಅಲ್ಲಿಯೇ. ಆದ್ದರಿಂದ ಅದಕ್ಕೆ ಇನ್ನಷ್ಟು ಅಭ್ಯಾಸ ಬೇಕಿತ್ತು.

ಅವರು ಕೊಡುವ ಟಿಪ್ಪಣಿ ಪುಸ್ತಕದ ಬಗ್ಗೆ ಎಚ್ಚರವಿರಲಿ. ಎಂಬತ್ತು ಪುಟಗಳ ಜೆರಾಕ್ಸ್ ಪ್ರತಿ ಅದು. ವಿಷಯ ಗಟ್ಟಿಯಾಗಿದೆ, ಆದರೆ ಡಿಟಿಪಿ ಮಾಡುವಾಗ ಲಘು ಗುರು ಚಿಹ್ನೆಗಳು ಹಲವು ಕಡೆ ಒಂದೊಂದು ಅಕ್ಷರ ಬಲಕ್ಕೆ ಸರಿದಿವೆ. ಭಾಮಿನಿಯ ಮೂರನೆಯ ಪಾದಕ್ಕೆ ಕೊಟ್ಟ ಗಣವಿಭಾಗದಲ್ಲಿ ಕೊನೆಯ ಗುರು ಬಿಟ್ಟುಹೋಗಿ, 23 ಮಾತ್ರೆ ಇರಬೇಕಾದ ಕಡೆ 21 ಎಂದು ಅಚ್ಚಾಗಿದೆ. ಪರೀಕ್ಷೆಗೆ ಅದನ್ನೇ ನಂಬಿ ಓದುವವರಿಗೆ ಇದರಿಂದ ನಷ್ಟವಾಗುತ್ತದೆ. ತಪ್ಪುಗಳ ಪಟ್ಟಿಯೊಂದನ್ನು ನಾವು ನಾಲ್ವರು ಸೇರಿ ಬರೆದುಕೊಟ್ಟಿದ್ದೇವೆ. ಮೇಷ್ಟ್ರು ಅದನ್ನು ಸಂತೋಷದಿಂದ ಪಡೆದುಕೊಂಡು ಮುಂದಿನ ತಂಡಕ್ಕೆ ತಿದ್ದಿಸುತ್ತೇನೆಂದು ಹೇಳಿದ್ದಾರೆ. ಟಿಪ್ಪಣಿಯ ಜೊತೆಗೆ ತೀ.ನಂ. ಶ್ರೀಕಂಠಯ್ಯನವರ ಭಾರತೀಯ ಕಾವ್ಯಮೀಮಾಂಸೆಯನ್ನು ಇಟ್ಟುಕೊಂಡೇ ಓದುವುದು ಒಳ್ಳೆಯದು. 1953ರಲ್ಲಿ ಬಂದ ಆ ಪುಸ್ತಕದಷ್ಟು ತಿಳಿಯಾಗಿ ರಸ, ಧ್ವನಿ, ಔಚಿತ್ಯಗಳನ್ನು ಹೇಳುವ ಪುಸ್ತಕವನ್ನು ನಾನು ಓದಿಲ್ಲ.

ಪಾಶ್ಚಾತ್ಯ ಪರಿಭಾಷೆಗೆ ಕೊನೆಯ ಎರಡು ವಾರ. ಅರಿಸ್ಟಾಟಲನ ಕಥಾರ್ಸಿಸ್ (ಭಾವಶೋಧನೆ), ಪ್ರತಿಮೆ, ಸಂಕೇತ, ವಿಡಂಬನೆ ಎಂದು ಒಂದಾದ ಮೇಲೊಂದು ಬಂದವು, ಹೋದವು. ನವ್ಯ ವಿಮರ್ಶೆಯ ಪದಗಳನ್ನು ವಿವರಿಸುವಾಗ ಮೇಷ್ಟ್ರ ಮಾತಿನಲ್ಲಿ ಅಲಂಕಾರದ ಪಾಠದಲ್ಲಿದ್ದ ಬಿಸಿ ಇರಲಿಲ್ಲ. ಲಕ್ಷಣ ಮೊದಲು ಬಂತು, ಲಕ್ಷ್ಯ ಆಮೇಲೆ ಬಂತು. ನೆಟ್ ಪರೀಕ್ಷೆಗೆ ಈ ಭಾಗ ಮುಖ್ಯವೆನಿಸುವವರು ಬೇರೆ ಕಡೆ ಓದಿಕೊಳ್ಳಬೇಕಾಗುತ್ತದೆ. ಪ್ರಾಸದ ಪಾಠ ಮಾತ್ರ ಇದಕ್ಕೆ ಹೊರತು. ಇಂಗ್ಲಿಷ್ ಪದ್ಯದ ಪ್ರಾಸ ಸಾಲಿನ ಕೊನೆಯಲ್ಲಿ ಬಂದರೆ, ನಮ್ಮ ಹಳೆಯ ಕಾವ್ಯದ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ. ಅದರ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ ಎಂದು ಹೆಸರು. ಆ ಆದಿಪ್ರಾಸವನ್ನು ಗೋವಿಂದ ಪೈಯವರು ಕೈಬಿಟ್ಟದ್ದು ಆ ಕಾಲಕ್ಕೆ ಎಷ್ಟು ದೊಡ್ಡ ನಿರ್ಧಾರವಾಗಿತ್ತೆಂಬುದನ್ನು ಮೇಷ್ಟ್ರು ಎರಡೂ ಬಗೆಯ ಪದ್ಯಗಳನ್ನು ಓದಿ ಕೇಳಿಸಿದರು.

ಸ್ಥಳೀಯ ನಂಟುಗಳನ್ನು ಅವರು ಮರೆಯುವುದಿಲ್ಲ ಎಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ. ಚಿಕದೇವರಾಜ ಒಡೆಯರ ಮಂತ್ರಿಯಾಗಿದ್ದ ತಿರುಮಲಾರ್ಯ ಅಪ್ರತಿಮವೀರಚರಿತೆ ಎಂಬ ಅಲಂಕಾರ ಗ್ರಂಥವನ್ನು ಬರೆದು, ಅಲಂಕಾರಗಳಿಗೆ ತನ್ನ ದೊರೆಯ ಸ್ತುತಿಯನ್ನೇ ಉದಾಹರಣೆಯಾಗಿ ಇಟ್ಟ. ಆಗ ರಾಜಧಾನಿ ಶ್ರೀರಂಗಪಟ್ಟಣ. ಪ್ರತಿ ಭಾನುವಾರ ನನ್ನ ರೈಲು ಅಲ್ಲಿಯೇ ಕಾವೇರಿಯನ್ನು ದಾಟುತ್ತದೆ. ಅದನ್ನು ತಿಳಿದ ಮೇಲೆ ಆ ಸೇತುವೆಯ ಮೇಲೆ ನಾನು ಫೋನ್ ನೋಡುವುದನ್ನು ಬಿಟ್ಟಿದ್ದೇನೆ.

ಇನ್ನು ವ್ಯವಹಾರದ ವಿಷಯ. ಹತ್ತು ವಾರಕ್ಕೆ ಶುಲ್ಕ 1,500 ರೂಪಾಯಿ, ಟಿಪ್ಪಣಿಗೆ ಬೇರೆ 120 ರೂಪಾಯಿ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪಾಠ, ನಡುವೆ ಒಂದು ಕಾಫಿ. ಕೋಣೆಯಲ್ಲಿ ಹದಿನೈದು ಜನರಿಗೆ ಜಾಗವಿದೆ. ನಮ್ಮ ತಂಡದಲ್ಲಿ ಹತ್ತೊಂಬತ್ತು ಜನರಿದ್ದುದರಿಂದ ತಡವಾಗಿ ಬಂದವರು ಬಾಗಿಲ ಬಳಿ ಚಾಪೆಯ ಮೇಲೆ ಕೂರಬೇಕಾಯಿತು. ಮೆಟ್ಟಿಲು ಕಡಿದಾಗಿರುವುದರಿಂದ ಮಂಡಿನೋವಿರುವವರು ಮೊದಲೇ ತಿಳಿಸಿದರೆ ಕೆಳಗಿನ ಪಡಸಾಲೆಯಲ್ಲಿಯೇ ತರಗತಿ ನಡೆಸುತ್ತಾರೆ. ಒಂದು ವಾರ ತಪ್ಪಿಸಿಕೊಂಡವರಿಗೆ ಧ್ವನಿಮುದ್ರಣ ಸಿಗುವುದಿಲ್ಲ. ಪಕ್ಕದವರ ನೋಟ್ಸನ್ನೇ ನಂಬಬೇಕು.

ಪ್ರಸ್ತಾರ ಹಾಕಲು ಗೆರೆಯ ಪುಸ್ತಕಕ್ಕಿಂತ ಚೌಕುಳಿ ಪುಸ್ತಕ ಅನುಕೂಲ: ಮನೆಗೆ ಒಂದು ಅಕ್ಷರ, ಅದರ ಮೇಲಿನ ಮನೆಯಲ್ಲಿ ಲಘು ಅಥವಾ ಗುರು. ನಾನು ಈಗ ನನ್ನ ಶಾಲೆಯಲ್ಲಿಯೂ ಇದನ್ನೇ ಮಾಡಿಸುತ್ತಿದ್ದೇನೆ. ಕಮಲದ ಪ್ರಶ್ನೆ ಕೇಳಿದ ಹುಡುಗಿ ಕಳೆದ ವಾರ ತನ್ನ ಪುಸ್ತಕದಲ್ಲಿ ಅಜ್ಜಿಯ ಮುಖವನ್ನು ಮಳೆ ಬಿದ್ದ ಮೇಲಿನ ಕೆಂಪು ಹೊಲಕ್ಕೆ ಹೋಲಿಸಿ, ಕೆಳಗೆ ಉಪಮೇಯ, ಉಪಮಾನ ಎಂದು ತಪ್ಪಿಲ್ಲದೆ ಬರೆದಿದ್ದಳು. ಸಮಾನಧರ್ಮದ ಮುಂದೆ ಅವಳು ಬರೆದದ್ದು, 'ಗೆರೆಗಳು'.